ಘಾಟಿ ಇಳಿಯಬಲ್ಲ ಗಾಡಿ

ಕುಲಶೇಖರ, ಮಂಗಳೂರು
12 ಜನವರಿ 2025

ಪ್ರೀತಿಯ ಜಾನೆಟಕ್ಕ,

ಕ್ರಿಸ್ಮಸ್‌ಗೆ ನೀನು ಕಳಿಸಿದ ಕಾರ್ಡು ತಲುಪಿತು. ಮಮ್ಮಿ ಅದನ್ನು ಫ್ರಿಜ್ಜಿನ ಮೇಲೆ ನಿಲ್ಲಿಸಿದ್ದಾಳೆ. ಬಾಗಿಲು ತೆರೆದಾಗಲೆಲ್ಲ ಬೀಳುತ್ತದೆ, ಪುನಃ ನಿಲ್ಲಿಸುತ್ತಾಳೆ. ಹೊರಗೆ ಬಾರದ, ಫೋನ್ ಮುಟ್ಟದ ಮಠಕ್ಕೆ ನೀನು ಸೇರಿ ಇಷ್ಟು ವರ್ಷವಾದರೂ ಕಾಗದದ ಮೇಲೆ ನಿನ್ನೊಡನೆ ಮಾತಾಡುವುದು ನನಗಿನ್ನೂ ಅಭ್ಯಾಸವಾಗಿಲ್ಲ. ಬೇರೆಯವರಿಗಾದರೆ ವಾಟ್ಸ್ಯಾಪಿನಲ್ಲಿ ಎರಡು ಸಾಲು ಸಾಕಿತ್ತು.

ನಮ್ಮ ಟ್ರ್ಯಾಕ್ ಕಾರು ತಯಾರಾಯಿತು. ಪಡೀಲಿನಲ್ಲಿ ಗ್ಯಾರೇಜು ಇಟ್ಟಿರುವ ದೀಪೇಶನ ನೆನಪುಂಟಲ್ಲ, ನನ್ನ ಜೊತೆ ಪಾಲಿಟೆಕ್ನಿಕ್‌ನಲ್ಲಿದ್ದವನು. ಹಳೆಯ ಸೆಡಾನ್ ಒಂದನ್ನು ಇಬ್ಬರೂ ಸೇರಿ ಕೊಂಡು, ಸೀಟುಗಳನ್ನೆಲ್ಲ ಕಿತ್ತು, ಒಳಗೆ ಕಬ್ಬಿಣದ ಪೈಪಿನ ಪಂಜರ ಬೆಸುಗೆ ಹಾಕಿಸಿದ್ದೇವೆ. ಮಾರ್ಚ್ ತಿಂಗಳಲ್ಲಿ ಚೆನ್ನೈಯ ಟ್ರ್ಯಾಕಿನಲ್ಲಿ ಮೊದಲ ರೇಸು.

ತೊಂದರೆ ಎಂತದೆಂದರೆ, ಈ ಕಾರನ್ನು ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಟ್ರೈಲರಿನ ಮೇಲೆ ಹತ್ತಿಸಿ ಎಳೆದುಕೊಂಡು ಹೋಗಬೇಕು. ಕಾರು ಸಾಗಿಸುವ ಬಾಡಿಗೆ ಕ್ಯಾರಿಯರಿನವರನ್ನು ನಂಬುವ ಹಾಗಿಲ್ಲ, ದೀಪೇಶನ ಗಿರಾಕಿಯೊಬ್ಬನಿಗೆ ಹೊರಡುವ ದಿನವೇ ಕೈಕೊಟ್ಟರು. ಅದಕ್ಕೆ ಎಳೆಯಲು ಸ್ವಂತ ಗಾಡಿಯೊಂದು ಬೇಕು, ಮೂರು ಲಕ್ಷದೊಳಗೆ. ನೋಡಿರುವುದು ಎರಡು. ಒಂದು, ದೀಪೇಶನ ನೆರೆಯ ಸಂಕಪ್ಪಣ್ಣನ ಬೊಲೆರೊ. ಬಣ್ಣ ಹೋಗಿದೆ, ಓಟ ಗಟ್ಟಿ, ಬೆಲೆ ಸ್ವಲ್ಪ ಮೇಲೆ. ಇನ್ನೊಂದು ಕೇರಳದಿಂದ ಬಂದ ಬಿಳಿ ಡಬಲ್ ಕ್ಯಾಬ್ ಪಿಕಪ್. ನೋಡಲಿಕ್ಕೆ ಹೊಸದರ ಹಾಗೆ, ತುಂಬಾ ಅಗ್ಗ.

ಆಕ್ಸಿಡೆಂಟ್ ಆದ ಗಾಡಿಗಳನ್ನು ಇನ್ಶೂರೆನ್ಸ್‌ನವರಿಗಾಗಿ ಪರೀಕ್ಷೆ ಮಾಡುತ್ತಿದ್ದವಳು ನೀನು. ಯಾವುದು ತೆಗೆಯಲಿ ಹೇಳು.

ನಿನ್ನ ತಮ್ಮ,
ಶೆರ್ವಿನ್

*

ಮಠ, ಮೈಸೂರು
29 ಜನವರಿ 2025

ಪ್ರೀತಿಯ ಶೆರ್ವಿನ್,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಗಾಡಿಗಳ ವಿಷಯ ಬಿಟ್ಟು ಬಂದಿದ್ದೇನೆ ಎಂದುಕೊಂಡಿದ್ದೆ, ಬಿಟ್ಟಿಲ್ಲ ಎಂದು ಪತ್ರದ ಅಂಚಿನಲ್ಲಿ ತೂಕದ ಲೆಕ್ಕ ಬರೆದಾಗ ಗೊತ್ತಾಯಿತು.

ಒಂದು ಮಾತು ತಲೆಯಲ್ಲಿಟ್ಟುಕೋ. ಎಳೆಯುವುದು ಹೆಚ್ಚುಕಡಿಮೆ ಎಲ್ಲ ಗಾಡಿಗೂ ಬರುತ್ತದೆ, ನಿಲ್ಲಿಸುವುದು ಬರುವುದಿಲ್ಲ. ಮಾರುವವನು ಎಂಜಿನ್ನಿನ ಶಕ್ತಿ ಹೇಳುತ್ತಾನೆ. ನೀನು ತೂಕ ಕೇಳು, ಬ್ರೇಕು ಕೇಳು. ಮುಂದಿನ ಗಾಡಿ ಹಿಂದಿನದಕ್ಕಿಂತ ಭಾರವಿರಬೇಕು. ಟ್ರೈಲರಿಗೆ ಅದರದ್ದೇ ಬ್ರೇಕು ಇರಲೇಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಹಿಂದಿನದು ಮುಂದಿನದನ್ನು ದೂಡುತ್ತದೆ. ತಿರುವಿನಲ್ಲಿ ಅಡ್ಡವಾಗಿ ದೂಡುತ್ತದೆ. ಆಮೇಲೆ ಸ್ಟೇರಿಂಗು ಯಾರ ಕೈಯಲ್ಲಿದ್ದರೂ ಒಂದೇ.

ಕೇರಳದಿಂದ ಬಂದ ಗಾಡಿ ಯಾಕೆ ಅಷ್ಟು ಅಗ್ಗ? ನೆರೆಯಲ್ಲಿ ಮುಳುಗಿದ ಗಾಡಿಗಳನ್ನು ತೊಳೆದು ಬಣ್ಣ ಬಳಿದು ಮಾರುತ್ತಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡು, ಎಲ್ಲ ತೊಳೆಯುವವರು ಅದನ್ನು ಮರೆಯುತ್ತಾರೆ. ಅಲ್ಲಿ ಕೆಸರಿನ ಗೆರೆ ಇದ್ದರೆ ಬೀಗದ ಕೈ ವಾಪಸು ಕೊಟ್ಟು ಬಾ. ಮುಳುಗಿದ ಗಾಡಿಯ ಬ್ರೇಕಿನ ಪೈಪು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

ನಾನು ಗಾಡಿಗಳನ್ನು ನೋಡಿದ್ದೆಲ್ಲ ಅವು ಕೆಟ್ಟ ಮೇಲೆ. ಶಿರಾಡಿ ಘಾಟಿಯಲ್ಲಿ ಒಂದು ಜೀಪು, ಹಿಂದೆ ಟ್ರೈಲರು. ಅದರ ಬಗ್ಗೆ ಬರೆಯುವುದಿಲ್ಲ. ಬೊಲೆರೊ ತೆಗೆದುಕೋ. ಬಣ್ಣ ಹೋದರೆ ಹೋಗಲಿ.

ಇಲ್ಲಿ ತಿಂಗಳಿಗೆ ಒಂದೇ ಪತ್ರ ಬರೆಯಬಹುದು. ಮಾರ್ಚ್ ಐದು ವಿಭೂತಿ ಬುಧವಾರ. ಅಲ್ಲಿಂದ ಈಸ್ಟರ್‌ವರೆಗೆ ತಪಸ್ಸು ಕಾಲ, ಪತ್ರ ಬರೆಯುವುದೂ ಇಲ್ಲ, ಬಂದದ್ದನ್ನು ಓದುವುದೂ ಇಲ್ಲ. ಬೇಗ ಉತ್ತರ ಹಾಕು.

ಅಕ್ಕ,
ಜಾನೆಟ್

*

ಕುಲಶೇಖರ
24 ಫೆಬ್ರವರಿ 2025

ಪ್ರೀತಿಯ ಅಕ್ಕ,

ತಡವಾಯಿತು. ಆಫೀಸು, ಗ್ಯಾರೇಜು, ಮನೆ, ಇಷ್ಟರಲ್ಲೇ ದಿನ ಹೋಗುತ್ತದೆ.

ಬಿಳಿ ಗಾಡಿಯನ್ನೇ ತೆಗೆದೆವು. ಬೈಯಬೇಡ. ಸಂಕಪ್ಪಣ್ಣ ಬೆಲೆ ಇಳಿಸಲಿಲ್ಲ. ನೀನು ಹೇಳಿದ ಹಾಗೆ ಬೆಲ್ಟು ಪೂರ್ತಿ ಎಳೆದು ನೋಡಿದೆವು. ತುದಿಯಲ್ಲಿ ಒಂದು ಗೇಣಿನಷ್ಟು ಕಂದು ಬಣ್ಣ ಇತ್ತು. ಮಾರುವವನನ್ನು ಕೇಳಿದರೆ, "ಕೆಂಪು ಮಣ್ಣು ಸರ್, ಮಂಗಳೂರಲ್ಲಿ ಯಾರ ಗಾಡಿಯಲ್ಲಿ ಇಲ್ಲ?" ಎಂದ. ದೀಪೇಶ ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದ. "ಎಂತ ಸಹ ಇಲ್ಲ ಮಾರಾಯ, ಕ್ಲೀನ್ ಉಂಟು" ಎಂದ. ಎಂಜಿನ್ನು ಬೆಣ್ಣೆಯ ಹಾಗೆ.

ಟ್ರೈಲರನ್ನು ಬೈಕಂಪಾಡಿಯಲ್ಲಿ ಮಾಡಿಸಿದೆವು. ಬ್ರೇಕಿನ ಸೆಟ್ಟು ಹೊರಗಿನಿಂದ ತರಿಸಬೇಕು, ಈ ಸಲಕ್ಕೆ ಆಗಲಿಲ್ಲ, ಮುಂದಿನ ಸಲಕ್ಕೆ ಹಾಕಿಸುತ್ತೇವೆ. ನಿಧಾನ ಹೋದರೆ ಸಾಕು. ಮೊನ್ನೆ ಬಿ.ಸಿ. ರೋಡಿನವರೆಗೆ ಎಳೆದುಕೊಂಡು ಹೋಗಿ ಬಂದೆವು, ಹಿಂದೆ ಏನೂ ಇಲ್ಲದ ಹಾಗೆ ಓಡಿತು.

ಆರನೇ ತಾರೀಕು ಬೆಳಿಗ್ಗೆ ಹೊರಡುತ್ತೇವೆ. ಟ್ರ್ಯಾಕಿನಲ್ಲಿ ನನಗೆ ಹೆದರಿಕೆ ಇಲ್ಲ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ.

ಶೆರ್ವಿನ್

*

ಕುಲಶೇಖರ
26 ಫೆಬ್ರವರಿ 2025

ಪ್ರೀತಿಯ ಮಗಳು ಜಾನೆಟ್‌ಗೆ ಮಮ್ಮಿ ಬರೆಯುವುದು.

ಮಸ್ಕತ್‌ನಿಂದ ಡ್ಯಾಡಿ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಶೆರ್ವಿನ್‌ನ ರೇಸಿನ ಬಗ್ಗೆ ಕೇಳಿದರೆ, "ಅವನ ಇಷ್ಟ" ಎಂದು ಬೇರೆ ಮಾತು ತೆಗೆಯುತ್ತಾರೆ. ಹೆದರುವ ಕೆಲಸ ಪೂರ್ತಿ ನನಗೇ.

ನಾನೂ ಚೆನ್ನೈಗೆ ಹೋಗುವುದೆಂದು ತೀರ್ಮಾನ ಮಾಡಿದ್ದೇನೆ. ಅಲ್ಲಿ ನನ್ನ ತಂಗಿ, ನಿನ್ನ ಶರ್ಲಿ ಮಾವ್ಶಿಗೆ ಮೊಣಕಾಲಿನ ಆಪರೇಶನ್ ಆಗಿದೆ, ನೋಡಿದ ಹಾಗಾಯಿತು. ಅದು ನಾನು ಊರಿಗೆ ಹೇಳುವ ಕಾರಣ. ನಿನಗೆ ನಿಜ ಹೇಳುತ್ತೇನೆ. ಮನೆಯಲ್ಲಿ ಕೂತು ಹೆದರುವುದಕ್ಕಿಂತ ಗಾಡಿಯಲ್ಲಿ ಕೂತು ಹೆದರುವುದು ಸುಲಭ. ಏನಾಯಿತೋ ಎಂದು ಫೋನ್ ನೋಡುತ್ತಾ ಇರಬೇಕಾಗಿಲ್ಲ.

ನನ್ನ ಬಗ್ಗೆ ನಿನಗೆ ಗೊತ್ತು. ಬೆಂಗ್ರೆಗೆ ಹೋಗುವ ದೋಣಿ ಹತ್ತುವುದಿಲ್ಲ, ಲಿಫ್ಟು ಬೇಡ, ಗ್ಯಾಸ್ ಸಿಲಿಂಡರು ಬದಲಿಸುವಾಗ ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. ಶೆರ್ವಿನ್ ಅದನ್ನೆಲ್ಲ ನಟಿಸಿ ತೋರಿಸಿ ದೀಪೇಶನನ್ನು ನಗಿಸುತ್ತಾನೆ. ಬಿಳಿ ಗಾಡಿಯ ಒಳಗೆ ಒಂದು ವಾಸನೆ ಉಂಟು, ಒದ್ದೆ ಗೋಣಿಯ ಹಾಗೆ. ಅವನಿಗೆ ಹೇಳಿದರೆ ಕಾರಿಗೆ ಹಾಕುವ ಸೆಂಟು ತಂದು ನೇತುಹಾಕಿದ. ಈಗ ಮಲ್ಲಿಗೆ ಮತ್ತು ಗೋಣಿ ಎರಡರದ್ದೂ ಬರುತ್ತದೆ.

ನಮಗಾಗಿ ಪ್ರಾರ್ಥಿಸು.

ನಿನ್ನ ಮಮ್ಮಿ,
ಹೆಲನ್

*

ಮಠ, ಮೈಸೂರು
4 ಮಾರ್ಚ್ 2025

ಮಮ್ಮಿ,

ಶೆರ್ವಿನ್‌ನ ಪತ್ರ, ನಿನ್ನ ಪತ್ರ ಎರಡೂ ಇವತ್ತು ಒಟ್ಟಿಗೇ ಬಂದವು. ನಾಳೆಯಿಂದ ತಪಸ್ಸು ಕಾಲ. ಮದರ್ ಸುಪೀರಿಯರ್ ಅವರ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಹೋಗಲೋ ಬೇಡವೋ ಎಂದು ಸುಮಾರು ಹೊತ್ತು ಕಳೆದೆ. ಇಷ್ಟು ವರ್ಷದಲ್ಲಿ ಒಂದು ದಿನವೂ ನಾನು ಏನನ್ನೂ ಕೇಳಿದವಳಲ್ಲ. ಇವತ್ತು ಫೋನ್ ಕೇಳಿದೆ.

ಮದರ್ ಕಾರಣ ಕೇಳಿದರು. ಹೇಳಿದೆ. ಹೊರಗಿನ ಕೆಲಸ ನೋಡುವ ಸಿಸ್ಟರ್ ಕೈಯಲ್ಲಿ ಅವರೇ ಶೆರ್ವಿನ್‌ಗೆ ಫೋನ್ ಮಾಡಿಸಿದರು. ಅವನು ನಕ್ಕನಂತೆ. "ಎಂತ ಆಗುದಿಲ್ಲ ಸಿಸ್ಟರ್, ಅಕ್ಕನಿಗೆ ಹೆದರಬೇಡ ಅಂತ ಹೇಳಿ" ಎಂದನಂತೆ. ನನ್ನ ಮಾತು ಇನ್ನೊಬ್ಬರ ಬಾಯಿಂದ ಹೋಗುವಾಗ ಅದರೊಳಗಿನ ಹೆದರಿಕೆ ದಾರಿಯಲ್ಲೇ ಉದುರಿರಬೇಕು.

ಅದಕ್ಕೆ ನಿನಗೆ ಬರೆಯುತ್ತಿದ್ದೇನೆ. ಆ ವಾಸನೆ ಗೋಣಿಯದಲ್ಲ, ನೆರೆಯ ನೀರಿನದು. ಬೆಲ್ಟಿನ ಕಂದು ಬಣ್ಣ ಕೆಂಪು ಮಣ್ಣಲ್ಲ. ಹೋಗುವಾಗ ಘಾಟಿ ಹತ್ತುವುದು, ಅಲ್ಲಿ ಭಾರ ಹಿಂದಕ್ಕೆ ಜಗ್ಗುತ್ತದೆ, ಅಷ್ಟೆ. ಬರುವಾಗ ಇಳಿಯಬೇಕು. ನೀನು ಹತ್ತಬೇಡ, ಅವನನ್ನೂ ಹತ್ತಲು ಬಿಡಬೇಡ. ಅತ್ತು ಕರೆದಾದರೂ ನಿಲ್ಲಿಸು.

ಸ್ಪೀಡ್ ಪೋಸ್ಟಿನಲ್ಲಿ ಕಳಿಸಲು ಮದರ್ ಒಪ್ಪಿದ್ದಾರೆ. ನೀವು ಹೊರಡುವ ಮೊದಲು ಇದು ತಲುಪಲಿ. ಇನ್ನು ಈಸ್ಟರ್‌ವರೆಗೆ ನನಗೆ ಏನೂ ಗೊತ್ತಾಗುವುದಿಲ್ಲ.

ಜಾನೆಟ್

*

ಕುಲಶೇಖರ
16 ಮಾರ್ಚ್ 2025

ಪೂಜ್ಯ ಮದರ್ ಅವರಿಗೆ ಹೆಲನ್‌ಳ ನಮಸ್ಕಾರಗಳು. ನಿಮ್ಮ ನಿಯಮ ಗೊತ್ತುಂಟು. ಪತ್ರವನ್ನು ಈಸ್ಟರ್‌ಗೇ ಕೊಡಿ, ಆದರೆ ನಾವಿಬ್ಬರೂ ಮನೆಯಲ್ಲಿದ್ದೇವೆ ಎಂಬ ಒಂದು ಮಾತನ್ನು ದಯವಿಟ್ಟು ಇವತ್ತೇ ಅವಳಿಗೆ ಹೇಳಿ.

ಪ್ರೀತಿಯ ಜಾನೆಟ್,

ನಿನ್ನ ಸ್ಪೀಡ್ ಪೋಸ್ಟು ನಾವು ಹೊರಟ ಮರುದಿನ ಬಂದು ಪಕ್ಕದ ಮನೆಯ ಗುಲಾಬಿಯ ಹತ್ತಿರ ಇತ್ತು. ಆಗಿದ್ದನ್ನು ಆದ ಹಾಗೆ ಬರೆಯುತ್ತೇನೆ.

ಹೋಗುವಾಗ ಏನೂ ಆಗಲಿಲ್ಲ. ರೇಸೂ ಆಯಿತು. ಬರುವಾಗ ಮಂಗಳವಾರ, ಚನ್ನರಾಯಪಟ್ಟಣ ದಾಟಿದ ಮೇಲೆ ಒಂದು ವೋಲ್ವೊ ಬಸ್ಸು ನಮ್ಮನ್ನು ಹಿಂದೆ ಹಾಕಿತು. ಅದರ ಗಾಳಿಗೆ ಟ್ರೈಲರು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡಿತು. ಅದರ ಜೊತೆ ನಾವೂ ತೂಗಾಡಿದೆವು. ಶೆರ್ವಿನ್ ಕಾಲು ತೆಗೆದು ಸುಮ್ಮನೆ ಸ್ಟೇರಿಂಗ್ ಹಿಡಿದುಕೊಂಡ, ಅದು ತಾನಾಗಿ ಸರಿಯಾಯಿತು. ದೀಪೇಶ "ಗಾಳಿ ಮಾರಾಯ" ಎಂದ. ಶೆರ್ವಿನ್‌ನ ಕುತ್ತಿಗೆ ಒದ್ದೆಯಾಗಿದ್ದದ್ದು ಹಿಂದಿನ ಸೀಟಿನಲ್ಲಿದ್ದ ನನಗೆ ಕಂಡಿತು.

ಸಕಲೇಶಪುರ ಕಳೆದು ದೋಣಿಗಾಲಿನಲ್ಲಿ ಚಾ ಕುಡಿಯಲು ನಿಲ್ಲಿಸಿದೆವು. ಅಲ್ಲಿಂದ ಮುಂದೆ ಶಿರಾಡಿ ಘಾಟಿ ಇಳಿಯುವುದು. ಇಬ್ಬರೂ ಚಾ ಕುಡಿದು ಗಾಡಿ ಹತ್ತಿದರು. ನಾನು ಹೋಟೆಲಿನ ಬೆಂಚಿನಿಂದ ಏಳಲಿಲ್ಲ. ಏಳಬಾರದೆಂದು ಯೋಚನೆ ಮಾಡಿರಲಿಲ್ಲ ಜಾನೆಟ್. ಕಾಲು ಬರಲಿಲ್ಲ.

"ಮಮ್ಮಿ, ಬಾ."

"ಹಿಂದಿನದನ್ನು ಬಿಚ್ಚು. ಆಮೇಲೆ ಬರ್ತೇನೆ."

"ಎಂತ ಬಿಚ್ಚುದು? ಇಲ್ಲಿ ಬಿಟ್ಟು ಹೋಗ್ಲಿಕ್ಕೆ ಆಗ್ತದಾ?"

"ನನಗೆ ಗೊತ್ತಿಲ್ಲ. ಅದು ಹಿಂದೆ ಇರುವಾಗ ನಾನು ಹತ್ತುದಿಲ್ಲ."

ಅವನು ಇಳಿದು ಬಂದ. ಹೋಟೆಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವನಿಗೆ ಅವಮಾನವಾಗಿತ್ತು. "ನೀನು ಲಿಫ್ಟಿಗೂ ಹೆದರ್ತೀ, ದೋಣಿಗೂ ಹೆದರ್ತೀ. ನಿನ್ನ ಹೆದರಿಕೆ ನೋಡಿಕೊಂಡು ನಾವು ಬದುಕ್ಲಿಕ್ಕೆ ಉಂಟಾ?"

"ಹೌದು ಪುತಾ, ಎಲ್ಲದಕ್ಕೂ ಹೆದರ್ತೇನೆ. ಆದ್ರೆ ಇವತ್ತು ನಿನಗೂ ಹೆದರಿಕೆ ಆಗಿದೆ. ನಾನು ನೋಡಿದ್ದೇನೆ."

ಅವನು ಮುಖ ತಿರುಗಿಸಿದ. ಕೊನೆಗೆ ದೀಪೇಶನೇ, "ನೀವು ಹೋಗಿ ಆಂಟಿ, ನಾನು ಕಾರಿನ ಹತ್ತಿರ ಇಲ್ಲೇ ಇರ್ತೇನೆ. ನಾಳೆ ಒಂದು ಕ್ಯಾರಿಯರ್ ತರಿಸುವ" ಎಂದ. ಟ್ರೈಲರನ್ನು ಹೋಟೆಲಿನ ಬದಿಗೆ ಬಿಚ್ಚಿ ನಿಲ್ಲಿಸಿದರು. ನಾವಿಬ್ಬರೇ ಇಳಿಯಲು ಶುರು ಮಾಡಿದೆವು. ಈಗ ನಾನು ಮುಂದೆ, ಶೆರ್ವಿನ್‌ನ ಪಕ್ಕದಲ್ಲಿ ಕೂತಿದ್ದೆ.

ಎಷ್ಟು ದೂರ ಬಂದಿದ್ದೆವೋ ಗೊತ್ತಿಲ್ಲ. ಮುಂದೆ ಒಂದು ಗ್ಯಾಸ್ ಟ್ಯಾಂಕರು ನಿಧಾನವಾಗಿ ಇಳಿಯುತ್ತಿತ್ತು. ಅದರ ಹಿಂದಿನ ಕೆಂಪು ದೀಪ ಹತ್ತಿತು. ಶೆರ್ವಿನ್‌ನ ಕಾಲು ಒಮ್ಮೆ, ಎರಡು ಸಲ, ಮೂರು ಸಲ ಕೆಳಗೆ ಹೋಯಿತು. ಅವನು ಬಹಳ ಸಣ್ಣ ಸ್ವರದಲ್ಲಿ, "ಮಮ್ಮಿ, ಬ್ರೇಕ್ ಇಲ್ಲ" ಎಂದ.

ಕಿರುಚಲಿಲ್ಲ ನಾನು. ಯಾಕೆಂದು ಈಗಲೂ ಗೊತ್ತಿಲ್ಲ. ಟ್ಯಾಂಕರಿನ ಹಿಂದೆ ಬರೆದಿದ್ದ ಅಕ್ಷರಗಳು ದೊಡ್ಡದಾಗುತ್ತಾ ಬಂದವು. ಶೆರ್ವಿನ್ ಗೇರನ್ನು ಕೆಳಗಿಳಿಸಿದ, ಎಂಜಿನ್ನು ಕೂಗಿಕೊಂಡಿತು. ಹ್ಯಾಂಡ್ ಬ್ರೇಕ್ ಎಳೆದ. ಬಲಗಡೆ ಪ್ರಪಾತ, ಎದುರಿನಿಂದ ಬರುವ ಲಾರಿಗಳು. ಎಡಕ್ಕೆ ತಿರುಗಿಸಿ ಗಾಡಿಯನ್ನು ಗುಡ್ಡಕ್ಕೇ ಒರೆಸಿದ. ನನ್ನ ಬದಿಯ ಬಾಗಿಲಿನಲ್ಲಿ ಕಲ್ಲು ಗೀರಿಕೊಂಡು ಹೋಗುವುದು ಕೇಳಿಸಿತು, ಕನ್ನಡಿ ಹಾರಿತು, ಗಾಜು ಮಡಿಲಿಗೆ ಬಿತ್ತು. ಚಕ್ರ ಚರಂಡಿಗೆ ಇಳಿದು ಗಾಡಿ ವಾಲಿ ನಿಂತಿತು. ಟ್ಯಾಂಕರಿಗೂ ನಮಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಇತ್ತು.

ನಮ್ಮ ಹಿಂದೆ ಮೀನು ಇಳಿಸಿ ಖಾಲಿ ಬರುತ್ತಿದ್ದ ಲಾರಿಯ ಡ್ರೈವರು ಇಳಿದು ಓಡಿ ಬಂದ. ರವೂಫ್ ಎಂದು ಹೆಸರು, ಬಂದರಿನವನು. ಚಕ್ರಕ್ಕೆ ಕಲ್ಲು ಕೊಟ್ಟ. ನನ್ನನ್ನು ಆ ಕಡೆಯ ಬಾಗಿಲಿನಿಂದ ಇಳಿಸಿದ. ಶೆರ್ವಿನ್ ಇಳಿಯಲಿಲ್ಲ, ಸ್ಟೇರಿಂಗ್ ಬಿಡಲು ಅವನಿಂದ ಆಗಲಿಲ್ಲ. ರವೂಫ್ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅಷ್ಟೂ ಹೊತ್ತು "ಆಯ್ತು ಅಣ್ಣ, ನಿಂತಿತು ಅಣ್ಣ" ಎನ್ನುತ್ತಿದ್ದ. ಕೆಳಗೆ ಬಗ್ಗಿ ನೋಡಿ, "ಪೈಪು ತುಂಡಾಗಿದೆ, ಒಳಗಿಂದ ತುಕ್ಕು" ಎಂದ. ಆಮೇಲೆ ಗಾಡಿಯ ಹಿಂದಿನ ಕೊಂಡಿ ನೋಡಿ ಕೇಳಿದ, "ಹಿಂದೆ ಎಂತದಾದ್ರೂ ಕಟ್ಟಿದ್ರಾ?"

"ಮೇಲೆ ಬಿಟ್ಟು ಬಂದೆವು" ಎಂದೆ.

ಅವನು ನನ್ನ ಮುಖ ನೋಡಿದ. ನೀರು ತಂದುಕೊಟ್ಟ.

ಬಿಳಿ ಗಾಡಿಯನ್ನು ಅಲ್ಲೇ ಬಿಟ್ಟು ಮೀನಿನ ಲಾರಿಯಲ್ಲೇ ಊರಿಗೆ ಬಂದೆವು. ನಮ್ಮ ಇಬ್ಬರಿಗೂ ಗಾಯವಿಲ್ಲ. ರೇಸಿನ ಕಾರು ಮರುದಿನ ಕ್ಯಾರಿಯರಿನಲ್ಲಿ ಬಂತು. ದೀಪೇಶ ಮನೆಗೆ ಬಂದು ಅಡಿಗೆ ಕೋಣೆಯಲ್ಲಿ ನನ್ನ ಎದುರು ನಿಂತು ಅತ್ತ. ಶೆರ್ವಿನ್ ಅಳುವುದಿಲ್ಲ. ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತಾನೆ. ಸ್ಕೂಟರು ಸಹ ಮುಟ್ಟಿಲ್ಲ. ಊಟಕ್ಕೆ ಕೂತಲ್ಲೇ ಮೇಜಿನ ಕೆಳಗೆ ಬಲಗಾಲು ಒತ್ತುತ್ತಾನೆ, ಒತ್ತುತ್ತಲೇ ಇರುತ್ತಾನೆ. ನಾನು ನೋಡದ ಹಾಗೆ ಮಾಡುತ್ತೇನೆ.

ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ, ಮಗಳೇ.

ಮಮ್ಮಿ

*

ಮಠ, ಮೈಸೂರು
22 ಏಪ್ರಿಲ್ 2025

ಪ್ರೀತಿಯ ಶೆರ್ವಿನ್,

ಈಸ್ಟರ್ ದಿನ ಪೂಜೆ ಮುಗಿದ ಮೇಲೆ ಮಮ್ಮಿಯ ಪತ್ರ ಕೈಗೆ ಸಿಕ್ಕಿತು. ನೀನು ಬರೆದಿರಲಿಲ್ಲ, ಬರೆಯುವೆ ಎಂದು ನಾನೂ ಕಾದಿರಲಿಲ್ಲ. ನನ್ನ ಕಡೆಯಿಂದ ಆದದ್ದನ್ನು ಹೇಳುತ್ತೇನೆ.

ನೀವು ಹೊರಟ ದಿನದಿಂದ ನನ್ನಿಂದ ಪ್ರಾರ್ಥಿಸಲು ಆಗಲಿಲ್ಲ. ಕಣ್ಣು ಮುಚ್ಚಿದರೆ ರಸ್ತೆ. ಆ ಘಾಟಿಯ ತಿರುವುಗಳು ನನಗೆ ಬಾಯಿಪಾಠ, ಒಂದೊಂದರಲ್ಲೂ ನಿಮ್ಮನ್ನು ನಿಲ್ಲಿಸಿ ನೋಡುತ್ತಿದ್ದೆ. ಶಿರಾಡಿಯಲ್ಲಿ ನಾನು ನೋಡಿದ್ದ ಆ ಜೀಪಿನಲ್ಲಿ ಯಾರಿದ್ದರೋ, ಅವರ ಬಟ್ಟೆಗಳನ್ನು ಮಮ್ಮಿ ಉಟ್ಟುಕೊಂಡು ಕಣ್ಣೆದುರು ಬರುತ್ತಿದ್ದಳು. ಬೇರೆ ಸಿಸ್ಟರ್‌ಗಳ ಜೊತೆ ಬಾಯಿ ಮಾತ್ರ ಹಾಡುತ್ತಿತ್ತು. ಹಿಂತಿರುಗುವ ದಿನ ಕಳೆಯಿತು. ಯಾರೂ ನನ್ನನ್ನು ಕರೆಯಲಿಲ್ಲ. ಕೆಟ್ಟ ಸುದ್ದಿಯಾದರೆ ಕರೆದೇ ಕರೆಯುತ್ತಾರೆ ಎಂದು ಒಂದು ಮನಸ್ಸು, ಕರೆಯಲು ಅವರಿಗೆ ಧೈರ್ಯ ಬಾರದೆ ಸುಮ್ಮನಿದ್ದಾರೆ ಎಂದು ಇನ್ನೊಂದು.

ಒಂದು ಮಧ್ಯಾಹ್ನ ಪೂಜೆಗೆ ಬೇಕಾದ ಓಸ್ತಿಗಳನ್ನು, ಆ ತೆಳು ರೊಟ್ಟಿಯ ಬಿಲ್ಲೆಗಳನ್ನು, ಕತ್ತರಿಸುತ್ತಿದ್ದೆ. ಮದರ್ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಮಮ್ಮಿಯ ಅಕ್ಷರದ ಲಕೋಟೆ. ಅವರು ಬಾಯಿ ತೆರೆಯುವವರೆಗಿನ ಆ ಕ್ಷಣವನ್ನು ಯಾವ ಶತ್ರುವಿಗೂ ಬಯಸುವುದಿಲ್ಲ. "ಇಬ್ಬರೂ ಮನೆಯಲ್ಲಿದ್ದಾರೆ, ಉಳಿದದ್ದು ಈಸ್ಟರ್‌ಗೆ" ಎಂದು ಹೇಳಿ ಹೊರಟು ಹೋದರು. ನಾನು ಓಸ್ತಿಯ ಚೂರುಗಳ ನಡುವೆಯೇ ಕೂತುಬಿಟ್ಟೆ.

ನಿನಗೆ ರೇಸು ಬಿಡು ಎಂದು ಹೇಳಲಾರೆ. ಬಿಟ್ಟರೆ ಸಂತೋಷ, ಅದು ಬೇರೆ. ಆದರೆ ಗಾಡಿಯೇ ಓಡಿಸದೆ ಬಸ್ಸಿನ ಕಿಟಕಿಗೆ ಒರಗಿ ಕೂರುವ ಶೆರ್ವಿನ್‌ನನ್ನು ನೆನೆದರೂ ನನಗೆ ಹೆದರಿಕೆಯೇ. ಆ ಜೀಪನ್ನು ನೋಡಿದ ಮೇಲೆ ನಾನೂ ಒಮ್ಮೆ ಹಾಗೆ ಕೂತೆ, ಆಮೇಲೆ ಏಳುವುದು ಎಷ್ಟು ಕಷ್ಟವೆಂದು ಗೊತ್ತು.

ಸಂಕಪ್ಪಣ್ಣನ ಬೊಲೆರೊ ಇನ್ನೂ ಇದ್ದರೆ ಹೋಗಿ ಕೇಳು. ಬ್ರೇಕಿನ ಪೈಪು, ಸಿಲಿಂಡರು, ಎಲ್ಲ ಹೊಸದು ಹಾಕಿಸು, ದೀಪೇಶ ಹಾಕಲಿ, ನೀನು ಹತ್ತಿರ ನಿಂತು ನೋಡು. ಟ್ರೈಲರಿಗೆ ಬ್ರೇಕು ಬರುವವರೆಗೆ ಅದು ಅಂಗಳ ಬಿಡಬಾರದು. ಮೇ ತಿಂಗಳಲ್ಲಿ ಮನೆಯವರ ಭೇಟಿಗೆ ಒಂದು ಶನಿವಾರ ಉಂಟು. ಮಮ್ಮಿಯನ್ನು ಕರೆದುಕೊಂಡು ಬಾ. ನೀನೇ ಓಡಿಸಿಕೊಂಡು ಬಾ. ಗೇಟಿನ ಹೊರಗೆ ನಿಲ್ಲಿಸು, ಭೇಟಿ ಕೋಣೆಯ ಕಬ್ಬಿಣದ ಜಾಲಿಯ ಈಚೆಯಿಂದ ಅದರ ಶಬ್ದ ಕೇಳುತ್ತೇನೆ.

ಅಕ್ಕ,
ಜಾನೆಟ್

*

ಕುಲಶೇಖರ
19 ಮೇ 2025

ಪ್ರೀತಿಯ ಅಕ್ಕ,

ಸಂಕಪ್ಪಣ್ಣನ ಬೊಲೆರೊದಲ್ಲಿ ಕ್ಷೇಮವಾಗಿ ತಲುಪಿದೆವು.

ಜಾಲಿಯ ಹತ್ತಿರ ನಿನ್ನೊಡನೆ ಹೆಚ್ಚು ಮಾತಾಡಲು ಆಗಲಿಲ್ಲ. ಅಷ್ಟು ದೂರ ಓಡಿಸಿದ್ದಕ್ಕೇ ಬಾಯಿ ಒಣಗಿತ್ತು. ಬರುವಾಗ ಮಡಿಕೇರಿ ದಾಟಿ ಸಂಪಾಜೆ ಘಾಟಿ ಶುರುವಾಗುವ ಮೊದಲು ಬದಿಗೆ ನಿಲ್ಲಿಸಿದೆ. ಹಿಂದೆ ಏನೂ ಕಟ್ಟಿರಲಿಲ್ಲ, ಬ್ರೇಕೆಲ್ಲ ಹೊಸದು, ನನಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಪೆಡಲನ್ನು ಎಷ್ಟು ಸಲ ಒತ್ತಿ ನೋಡಿದರೂ ಇನ್ನೊಮ್ಮೆ ಒತ್ತಬೇಕೆನಿಸುತ್ತಿತ್ತು.

ಮಮ್ಮಿ ಕೇಳಿದಳು, "ಇಳಿಯಬೇಕಾ ಪುತಾ?"

"ಬೇಡ" ಎಂದೆ. "ಸ್ವಲ್ಪ ಹೊತ್ತು ಕೂತುಕೊಳ್ಳುವ."

"ಕೂತುಕೊಳ್ಳುವ. ನನಗೆಂತ ಅರ್ಜೆಂಟು ಇಲ್ಲ" ಎಂದಳು. ಬ್ಯಾಗಿನಿಂದ ಕಿತ್ತಳೆ ತೆಗೆದು ಸುಲಿದಳು. ತಿಂದೆವು.

ಆಮೇಲೆ ಎರಡನೇ ಗೇರಿನಲ್ಲಿ ಇಳಿದೆವು, ಅಷ್ಟೂ ದೂರ. ಹಿಂದೆ ಬಸ್ಸುಗಳು ಹಾರ್ನ್ ಹೊಡೆದವು. ಜಾಗ ಸಿಕ್ಕಲ್ಲೆಲ್ಲ ಬದಿ ಕೊಟ್ಟೆ. ಒಬ್ಬ ಡ್ರೈವರು ಕಿಟಕಿಯಿಂದ ತಲೆ ಹಾಕಿ ಬೈದ, ಬೈಯಲಿ. ಕಾರು, ಜೀಪು, ಕೊನೆಗೆ ಹುಲ್ಲು ಹೇರಿದ ಟೆಂಪೊ ಸಹ ನಮ್ಮನ್ನು ಹಿಂದೆ ಹಾಕಿ ಹೋಯಿತು. ಪ್ರತಿ ತಿರುವಿಗೂ ಮೊದಲು ಒಮ್ಮೆ ಪೆಡಲು ಒತ್ತಿ ನೋಡುತ್ತಿದ್ದೆ, ತಿರುವು ಮುಗಿದ ಮೇಲೆ ಬಿಡುತ್ತಿದ್ದೆ. ರೇಸು ಓಡಿಸುತ್ತೇನೋ ಇಲ್ಲವೋ, ಈಗ ಕೇಳಬೇಡ.

ಅರ್ಧ ಘಾಟಿ ಇಳಿದಿರಬೇಕು, ಮಮ್ಮಿಯ ಕಡೆಯಿಂದ ಏನೂ ಶಬ್ದವಿಲ್ಲ. ಜಪಮಾಲೆ ಎಣಿಸುತ್ತಿದ್ದಾಳೆ ಎಂದುಕೊಂಡೆ, ತಿರುಗಿ ನೋಡುವ ಧೈರ್ಯ ಇರಲಿಲ್ಲ. ಕೆಳಗೆ ರಸ್ತೆ ನೆಟ್ಟಗಾದ ಮೇಲೆ ನೋಡಿದೆ. ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಮಡಿಲಲ್ಲಿ ಕಿತ್ತಳೆಯ ಸಿಪ್ಪೆ. ನಮ್ಮ ಮಮ್ಮಿ, ಅಕ್ಕ, ಘಾಟಿಯಲ್ಲಿ ನಿದ್ದೆ ಹೋಗಿದ್ದಳು.

ಅವಳಿಗೆ ಎಚ್ಚರವಾಗಬಾರದೆಂದು ಸುಳ್ಯದವರೆಗೂ ಅದೇ ವೇಗದಲ್ಲಿ ಬಂದೆ.

ನಿನ್ನ ತಮ್ಮ,
ಶೆರ್ವಿನ್